ಐಡ್ಲಿಂಗ್‌ನಲ್ಲೇ ಪೆಟ್ರೋಲ್ ಒತ್ತಡ ಏರಿದರೆ ಹುಡುಕುವುದು ಹೇಗೆ?

ಟರ್ಬೊ ಕಾರಿಗೆ ದೊಡ್ಡ ಪೆಟ್ರೋಲ್ ಪಂಪ್ ಕೂರಿಸಿದ ಮೇಲೆ ಐಡ್ಲಿಂಗ್‌ನಲ್ಲಿ ಎಂಜಿನ್ ತಡವರಿಸತೊಡಗಿದರೆ, ಸೈಲೆನ್ಸರ್‌ನಿಂದ ಹಸಿ ಪೆಟ್ರೋಲಿನ ವಾಸನೆ ಬಂದು ಸ್ಪಾರ್ಕ್ ಪ್ಲಗ್‌ಗಳ ತುದಿಗೆ ಕಪ್ಪು ಮಸಿ ಕಟ್ಟಿದರೆ, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಫ್ಯೂಯೆಲ್ ರೇಲ್‌ನಲ್ಲಿ ಒತ್ತಡ ಹೆಚ್ಚಿದೆಯೇ ಎಂದು ನೋಡಬೇಕು. ಅಮೆರಿಕದ ಇಲಿನಾಯ್ ರಾಜ್ಯದ ನಾರ್ಮಲ್ ಪಟ್ಟಣದಲ್ಲಿ ಮಿತ್ಸುಬಿಷಿ ಮತ್ತು ಕ್ರೈಸ್ಲರ್ ಜೊತೆಗೂಡಿ ಕಟ್ಟಿದ ಕಾರ್ಖಾನೆಯಿಂದ 1990ರ ದಶಕದಲ್ಲಿ ಹೊರಬಂದ ಎಕ್ಲಿಪ್ಸ್ ಟರ್ಬೊ ಕಾರುಗಳನ್ನು ಮಾರ್ಪಡಿಸುವವರಿಗೆ ಈ ತೊಂದರೆ ಚಿರಪರಿಚಿತ. ಆದ್ದರಿಂದ ಅದೇ ಕಾರನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಗಂಟೆಗೆ 255 ಲೀಟರ್ ತಳ್ಳುವ ಪಂಪ್ ಎಂಜಿನ್ ಸುಮ್ಮನೆ ಓಡುತ್ತಿರುವಾಗಲೂ ಹೆಚ್ಚುಕಡಿಮೆ ಅಷ್ಟನ್ನೇ ತಳ್ಳುತ್ತದೆ. ಆದರೆ ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವುದು ಗಂಟೆಗೆ ಒಂದೆರಡು ಲೀಟರ್ ಮಾತ್ರ. ಉಳಿದದ್ದೆಲ್ಲ ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್‌ನ ಸಣ್ಣ ರಂಧ್ರದಲ್ಲಿ ನುಸುಳಿ, ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳಬೇಕು. ಆ ದಾರಿ ಸಾಲದಿದ್ದರೆ ಒತ್ತಡ ಏರುತ್ತದೆ. ಜೋರಾಗಿ ಓಡಿಸುವಾಗ ಸರಿಯಿದ್ದು ನಿಂತಾಗ ಮಾತ್ರ ಕೆಡುವ ವಿಚಿತ್ರಕ್ಕೆ ಕಾರಣ ಇದೇ.

ಮೊದಲು ಒತ್ತಡ ತೋರಿಸುವ ಗೇಜನ್ನೇ ಅನುಮಾನಿಸಿ. ಎಂಜಿನ್ನಿನ ಮೇಲೆಯೇ ಕೂರಿಸಿದ ದ್ರವ ತುಂಬಿದ ಅಗ್ಗದ ಗೇಜುಗಳು ಬಿಸಿಯೇರಿದಾಗ ತಪ್ಪು ತೋರಿಸುವುದುಂಟು. ಇನ್ನೊಂದು ಗೇಜಿನೊಂದಿಗೆ ತಾಳೆ ನೋಡದೆ ಯಾವ ಬಿಡಿಭಾಗಕ್ಕೂ ದುಡ್ಡು ಸುರಿಯಬೇಡಿ.

ಅನಂತರ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸನ್ನು (ಎಂಜಿನ್ ಗಾಳಿ ಎಳೆಯುವ ಕೊಳವೆಯ ಒತ್ತಡವನ್ನು ರೆಗ್ಯುಲೇಟರ್‌ಗೆ ಮುಟ್ಟಿಸುವ ಸಣ್ಣ ಪೈಪ್) ಕಿತ್ತು, ಅದರ ಬಾಯಿ ಮುಚ್ಚಿ, ಒತ್ತಡ ಬರೆದುಕೊಳ್ಳಿ. ಎರಡನೇ ತಲೆಮಾರಿನ ಎಕ್ಲಿಪ್ಸ್ ಟರ್ಬೊದಲ್ಲಿ ಇದು ಸುಮಾರು 43 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಇರಬೇಕು. ಮೊದಲ ತಲೆಮಾರಿನ ಮ್ಯಾನ್ಯುಯಲ್ ಗೇರಿನ ಕಾರಿನಲ್ಲಿ 37ರ ಆಸುಪಾಸು ಇರುತ್ತದಾದ್ದರಿಂದ, ಅಂಥ ಕಾರಿನಲ್ಲಿ 43 ಕಂಡರೆ ಅದೂ ಹೆಚ್ಚೇ. ಈಗ ಹೋಸನ್ನು ಮತ್ತೆ ಜೋಡಿಸಿ: ಒತ್ತಡ 8ರಿಂದ 10 ಪಿಎಸ್‌ಐ ಇಳಿಯಬೇಕು. ಕಿತ್ತಾಗ ಸರಿಯಿದ್ದು ಜೋಡಿಸಿದಾಗ ಸ್ವಲ್ಪವೂ ಇಳಿಯದಿದ್ದರೆ ಮೊದಲು ಹೋಸಿನಲ್ಲಿ ಸೀಳು ಇದೆಯೇ, ದಾರಿಯಲ್ಲಿರುವ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಸಿಕ್ಕಿಕೊಂಡಿದೆಯೇ ನೋಡಿ. ಹೋಸಿನೊಳಗೆ ಪೆಟ್ರೋಲ್ ಪಸೆ ಕಂಡರೆ ರೆಗ್ಯುಲೇಟರ್‌ನೊಳಗಿನ ತೆಳು ಪೊರೆ, ಅಂದರೆ ಡಯಾಫ್ರಮ್ ಹರಿದಿದೆ, ಅದನ್ನು ಬದಲಿಸಲೇಬೇಕು. ಕಿತ್ತಾಗಲೂ ಜೋಡಿಸಿದಾಗಲೂ ಮುಳ್ಳು 50ರ ಬಳಿಯೇ ನಿಂತರೆ ತೊಡಕು ಮರಳುವ ದಾರಿಯಲ್ಲಿದೆ.

ದಾರಿಯ ಯಾವ ತುಂಡು ಇಕ್ಕಟ್ಟು? ತೀರ್ಮಾನಿಸುವ ಪರೀಕ್ಷೆ ಒಂದೇ, ಆದರೆ ಬೆಂಕಿಯ ಅಪಾಯ ಇರುವುದೂ ಇಲ್ಲೇ. ತಣ್ಣಗಿನ ಎಂಜಿನ್, ಬಯಲು ಜಾಗ, ಪಕ್ಕದಲ್ಲಿ ಅಗ್ನಿಶಾಮಕ ಇರಲೇಬೇಕು. ಪಂಪಿನ ಕನೆಕ್ಟರ್ ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಪೈಪಿನ ಒತ್ತಡ ತಗ್ಗುತ್ತದೆ. ಬಳಿಕ ಕನೆಕ್ಟರ್ ಮತ್ತೆ ಕೂರಿಸಿ, ರಿಟರ್ನ್ ಹೋಸನ್ನು ಲೋಹದ ಪೈಪಿನಿಂದ ಬಿಡಿಸಿ, ಉದ್ದನೆಯ ಪೆಟ್ರೋಲ್ ಹೋಸಿನಿಂದ ದೂರದ ಲೋಹದ ಕ್ಯಾನಿಗೆ ಹಾಯಿಸಿ. ಈ ಕಾರುಗಳ ಬಾನೆಟ್ ಕೆಳಗೆ ಪಂಪ್ ಪರೀಕ್ಷೆಗೆಂದೇ ಒಂದು ಕನೆಕ್ಟರ್ ಇದೆ. ಅದಕ್ಕೆ 12 ವೋಲ್ಟ್ ಕೊಟ್ಟರೆ ಎಂಜಿನ್ ಓಡಿಸದೆಯೇ ಪಂಪ್ ತಿರುಗುತ್ತದೆ. ಕಿಡಿ ಹಾರದಂತೆ ತಂತಿಯನ್ನು ಮೊದಲು ಕನೆಕ್ಟರ್‌ಗೆ ಸಿಕ್ಕಿಸಿ, ಬ್ಯಾಟರಿಯ ಬಳಿ ಸ್ವಿಚ್ ಇಟ್ಟುಕೊಳ್ಳಿ. 15 ಸೆಕೆಂಡ್ ಸಾಕು, ಅಷ್ಟರಲ್ಲೇ ಸುಮಾರು ಒಂದು ಲೀಟರ್ ಕ್ಯಾನಿಗೆ ಬಂದಿರುತ್ತದೆ. ಆಗ ಒತ್ತಡ ಸರಿಯಾದ ಅಂಕಿಗೆ ಇಳಿದರೆ ಇಕ್ಕಟ್ಟು ಲೋಹದ ಪೈಪಿನಲ್ಲೋ, ಮಡಚಿದ ಹೋಸಿನಲ್ಲೋ, ಟ್ಯಾಂಕಿನೊಳಗೋ ಇದೆ. ಇಳಿಯದಿದ್ದರೆ ರೆಗ್ಯುಲೇಟರ್‌ನ ರಂಧ್ರವೇ ಕಿರಿದು.

ಹಲವರು ಈ ಪರೀಕ್ಷೆ ಮಾಡದೆ ನೇರವಾಗಿ ಹೊಂದಿಸಬಹುದಾದ ರೆಗ್ಯುಲೇಟರ್ ಕೊಂಡು ತರುತ್ತಾರೆ. ಇಕ್ಕಟ್ಟು ರಿಟರ್ನ್ ಪೈಪಿನಲ್ಲಿದ್ದರೆ ಅದರ ಸ್ಕ್ರೂವನ್ನು ಪೂರ್ತಿ ಸಡಿಲಿಸಿದರೂ ಮುಳ್ಳು ಕೆಳಗಿಳಿಯದು. ಅಂಥಲ್ಲಿ ದಪ್ಪ ರಿಟರ್ನ್ ಪೈಪ್ ಎಳೆಯಬೇಕು, ಇಲ್ಲವೇ ಎಂಜಿನ್ ಕೇಳುವಷ್ಟೇ ಸಾಮರ್ಥ್ಯದ ಚಿಕ್ಕ ಪಂಪಿಗೆ ಮರಳಬೇಕು. ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಎಂಜಿನ್ನಿನ ಕಂಪ್ಯೂಟರಿನಲ್ಲಿ ತಗ್ಗಿಸಿ ದೋಷ ಮರೆಮಾಚುವುದನ್ನು ನಾನಂತೂ ಒಪ್ಪುವುದಿಲ್ಲ: ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುವುದರಿಂದ ಐಡ್ಲಿಂಗ್‌ಗೆ ಹೊಂದಿಸಿದ ಲೆಕ್ಕ, ಒತ್ತಡ ಸರಿಯಾಗಿರುವ ಪೂರ್ಣ ಬೂಸ್ಟ್‌ನಲ್ಲಿ (ಟರ್ಬೊ ಗಾಳಿಯನ್ನು ಗರಿಷ್ಠ ಒತ್ತಡದಲ್ಲಿ ತುಂಬುವಾಗ) ಪೆಟ್ರೋಲ್ ಕೊರತೆ ಮಾಡಿ ಪಿಸ್ಟನ್‌ಗೇ ಕುತ್ತು ತಂದೀತು.

ದುರಸ್ತಿಯಾದ ಮೇಲೆ ಹೋಸ್ ಕಿತ್ತು ಮೂಲ ಒತ್ತಡ ಹೊಂದಿಸಿ, ಮತ್ತೆ ಜೋಡಿಸಿ ಓಡಿಸಿ ನೋಡಿ. 15 ಪಿಎಸ್‌ಐ ಬೂಸ್ಟ್ ಇರುವಾಗ 43 ಇದ್ದದ್ದು 58 ಆಗಬೇಕು. ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆಯಿದ್ದರೆ ಎಂಜಿನ್ ಆಯಿಲ್ ಅಂದೇ ಬದಲಿಸಿ.