ಟ್ಯಾಮ್‌ವರ್ತ್‌ನಲ್ಲಿ ಪಕ್ಕವಾದ್ಯ: ಕಂಟ್ರಿ ಸಂಗೀತೋತ್ಸವದಲ್ಲಿ ನನ್ನ ಮೊದಲ ಸಲ

ಟ್ಯಾಮ್‌ವರ್ತ್‌ಗೆ ಹೊರಡುವ ಮೊದಲು ನಮ್ಮ ಬ್ಯಾಂಡಿನ ಗಾಯಕಿ ನನಗೆ ಹೇಳಿದ್ದು ಒಂದೇ ಮಾತು: ತಾನು ಹಾಡುತ್ತಿರುವಷ್ಟು ಹೊತ್ತು ಪಿಟೀಲು ಸುಮ್ಮನಿರಬೇಕು. ಮೈಸೂರಿನಲ್ಲಿ ಪಕ್ಕವಾದ್ಯ ಕಲಿತವರಿಗೆ ಇದು ಸುಲಭವಲ್ಲ. ನಮ್ಮ ಕಛೇರಿಯಲ್ಲಿ ಕೃತಿಯ ಉದ್ದಕ್ಕೂ ಗಾಯಕರ ಜೊತೆಯಲ್ಲೇ ನುಡಿಸುತ್ತೇವೆ, ಆಲಾಪನೆಯಲ್ಲಿ ಅವರು ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತೇವೆ. ಅಮೆರಿಕದ ಹಳ್ಳಿಗಾಡಿನಿಂದ ಬಂದ ಈ ಕಂಟ್ರಿ ಸಂಗೀತದಲ್ಲಿ ಹಾಗಲ್ಲ. ಸಾಲು ಮುಗಿದು ಗಾಯಕಿ ಉಸಿರೆಳೆದುಕೊಳ್ಳುವ ಸಂದಿದೆಯಲ್ಲ, ಅಷ್ಟು ಮಾತ್ರ ನಮ್ಮದು. ಆ ಸಂದಿನಲ್ಲಿ ಬಂದು, ಮುಂದಿನ ಪದ ಶುರುವಾಗುವಷ್ಟರಲ್ಲಿ ಹೋಗಿಬಿಟ್ಟಿರಬೇಕು. ನಮ್ಮ ಕಡೆಯ ವಾದ್ಯಗಾರರು ಇಂಥ ಬ್ಯಾಂಡುಗಳ ಜೊತೆ ಊರೂರು ತಿರುಗುವುದು ಈಗ ಅಪರೂಪವೇನಲ್ಲ. ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಊರಿನ ಬಗ್ಗೆ ಸ್ವಲ್ಪ. ಟ್ಯಾಮ್‌ವರ್ತ್ ಇರುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ, ಸಿಡ್ನಿಯಿಂದ ಸುಮಾರು 400 ಕಿಲೋಮೀಟರ್ ಉತ್ತರಕ್ಕೆ, ಪೀಲ್ ನದಿಯ ದಡದಲ್ಲಿ. ಅದು ಕಾಮಿಲರೋಯ್ ಮೂಲನಿವಾಸಿಗಳ ನೆಲ. 1960ರ ದಶಕದಲ್ಲಿ ಅಲ್ಲಿನ 2ಟಿಎಂ ರೇಡಿಯೋ ಸಂಜೆ ಹೊತ್ತು ಕಂಟ್ರಿ ಹಾಡುಗಳ ಕಾರ್ಯಕ್ರಮ ಪ್ರಸಾರ ಮಾಡುತ್ತಿತ್ತು. ರಾತ್ರಿ ಅದರ ತರಂಗ ಬಹಳ ದೂರದ ಹಳ್ಳಿಗಳಿಗೂ ಮುಟ್ಟುತ್ತಿದ್ದುದರಿಂದ ಊರಿಗೂ ಈ ಸಂಗೀತಕ್ಕೂ ನಂಟು ಬೆಳೆಯಿತು. 1973ರಲ್ಲಿ ಗೋಲ್ಡನ್ ಗಿಟಾರ್ ಪ್ರಶಸ್ತಿ ಶುರುವಾಯಿತು. ಮೊಟ್ಟಮೊದಲ ಗಿಟಾರ್ ಪಡೆದವರು ಜಾಯ್ ಮೆಕೀನ್. ಅವರು ಬರೆದದ್ದು ರಾತ್ರಿ ದಾರಿಯಲ್ಲಿ ಲಾರಿ ಓಡಿಸುವವನೊಬ್ಬನ ಹಾಡು, ಹಾಡಿದವರು ಅವರ ಗಂಡ ಸ್ಲಿಮ್ ಡಸ್ಟಿ. ಈಗ ಪ್ರತಿ ಜನವರಿಯಲ್ಲಿ ಹತ್ತು ದಿನ ಊರಿಗೆ ಊರೇ ವೇದಿಕೆಯಾಗುತ್ತದೆ. ಪಬ್ಬು, ಕ್ಲಬ್ಬು, ಪಾರ್ಕು, ಅಂಗಡಿಯ ಜಗುಲಿ, ಎಲ್ಲ ಕಡೆ ಹಾಡು.

ಆ ಲಾರಿ ಚಾಲಕನ ಹಾಡನ್ನು ಸುಮ್ಮನೆ ನೆನೆದಿದ್ದಲ್ಲ. ಇಲ್ಲಿನ ಕೇಳುಗರು ಕತೆಗೋಸ್ಕರ ಬರುತ್ತಾರೆ. ಬರಗಾಲ, ದನ ಹೊಡೆದುಕೊಂಡು ಹೋಗುವ ದಾರಿ, ಮಾರಿಹೋದ ಜಮೀನು, ಸತ್ತ ತಂದೆ. ಒಂದು ಪದ ಕೇಳಿಸದೆ ಹೋದರೂ ಕತೆಯ ಎಳೆ ತಪ್ಪುತ್ತದೆ. ನಮ್ಮ ಗಾಯಕಿಯ ಷರತ್ತಿನ ಹಿಂದೆ ಇದ್ದದ್ದು ಇದೇ.

ತಯಾರಿ ತಿಂಗಳುಗಟ್ಟಲೆ ನಡೆಯಿತು. ಕರ್ನಾಟಕ ಸಂಗೀತದಲ್ಲಿ ನಾವು ಗಾಯಕರ ಶ್ರುತಿಗೆ ತಂತಿಗಳನ್ನು ಷಡ್ಜ-ಪಂಚಮ-ಷಡ್ಜ-ಪಂಚಮ ಎಂದು ಕೂಡಿಸಿಕೊಂಡು ಇಡೀ ಕಛೇರಿ ಅದರಲ್ಲೇ ನುಡಿಸುತ್ತೇವೆ. ಇಲ್ಲಿ ತಂತಿಗಳು ಜಿ, ಡಿ, ಎ, ಇ ಎಂಬ ಪಾಶ್ಚಾತ್ಯ ಸ್ವರಗಳಲ್ಲಿ ನಿಂತಲ್ಲೇ ನಿಂತಿರುತ್ತವೆ, ಷಡ್ಜ ಮಾತ್ರ ಹಾಡಿನಿಂದ ಹಾಡಿಗೆ ಜಾಗ ಬದಲಿಸುತ್ತದೆ. ಗಿಟಾರಿನವರು ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕ್ಯಾಪೊ ಎಂಬ ಕ್ಲಿಪ್ಪು ಸಿಕ್ಕಿಸಿ ಹಾಯಾಗಿರುತ್ತಾರೆ, ನಮಗೆ ಆ ಸೌಕರ್ಯವಿಲ್ಲ. ಜಿ, ಡಿ, ಎ ಸ್ಕೇಲುಗಳಲ್ಲಿ, ಅಂದರೆ ಆ ಸ್ವರಗಳೇ ಷಡ್ಜವಾದಾಗ, ಖಾಲಿ ತಂತಿಗಳು ಕೈಹಿಡಿಯುತ್ತವೆ. ಇ ಸ್ವರಕ್ಕಿಂತ ಅರ್ಧ ಹೆಜ್ಜೆ ಕೆಳಗಿನ ಇ ಫ್ಲಾಟ್ ಬಂತೆಂದರೆ ಬಹುತೇಕ ಎಲ್ಲವನ್ನೂ ಬೆರಳೇ ಹುಡುಕಬೇಕು. ನಾನು ಮಾಡಿದ ಉಪಾಯ ಹಳೆಯದೇ: ಶಂಕರಾಭರಣ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ, ದಿನಕ್ಕೊಂದು ಬೇರೆ ಷಡ್ಜ ಹಿಡಿದು. ಗುರುಗಳ ಮನೆಯಲ್ಲಿ ಬಾಲ್ಯದಲ್ಲಿ ತಿದ್ದಿದ ಪಾಠವೇ ಮತ್ತೆ ಕೆಲಸಕ್ಕೆ ಬಂತು.

ಕಾರ್ಡು (chord) ಎಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪು; ಅವನ್ನು ಬರೆದುಕೊಳ್ಳಲು ಇವರು ನ್ಯಾಶ್‌ವಿಲ್ ನಂಬರ್ ಪದ್ಧತಿ ಬಳಸುತ್ತಾರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಜೋರ್ಡನೇರ್ಸ್ ಗಾಯಕ ತಂಡದ ನೀಲ್ ಮ್ಯಾಥ್ಯೂಸ್ ಶುರುಮಾಡಿದ್ದು ಅದು. ಸ್ವರದ ಹೆಸರಿನ ಬದಲು 1, 4, 5 ಎಂದು ಅಂಕಿ ಹಾಕುವುದು. ಹಾಗೆ ಬರೆದುಕೊಂಡರೆ ಸ್ಕೇಲ್ ಬದಲಾದರೂ ಚಾರ್ಟ್ ಬದಲಾಗುವುದಿಲ್ಲ. ಸರಿಗಮ ಗೊತ್ತಿದ್ದವರಿಗೆ ಇದು ಒಂದು ಮಧ್ಯಾಹ್ನದ ಪಾಠ. ಒಂದೆಂದರೆ ಷಡ್ಜ, ನಾಲ್ಕೆಂದರೆ ಮಧ್ಯಮ, ಐದೆಂದರೆ ಪಂಚಮ.

ಕಷ್ಟವಿದ್ದದ್ದು ಬೇರೆ ಕಡೆ. ನಮಗೆ ಷಡ್ಜದ ಮೇಲೆ ನಿಂತರೆ ಎಂದಿಗೂ ನೆಮ್ಮದಿ. ತಂಬೂರಿ ಅದನ್ನೇ ಹೇಳುತ್ತಿರುತ್ತದೆ. ಇಲ್ಲಿ ಬ್ಯಾಂಡು ಐದನೆಯ ಕಾರ್ಡಿಗೆ ಹೋದಾಗ ಪಂಚಮ, ನಿಷಾದ, ರಿಷಭ ಒಟ್ಟಿಗೆ ಮೊಳಗುತ್ತವೆ. ಆಗ ನಾನು ಷಡ್ಜದಲ್ಲಿ ನಿಂತರೆ ಅದು ನಿಷಾದದ ಜೊತೆ ಉಜ್ಜಿ ಕಿವಿಗೆ ಚುಚ್ಚುತ್ತದೆ. ಅರ್ಧ ಹೆಜ್ಜೆ ಕೆಳಗಿನ ನಿಷಾದಕ್ಕೋ ಮೇಲಿನ ರಿಷಭಕ್ಕೋ ಸರಿಯಬೇಕು. ಯಾವ ಸ್ವರಕ್ಕೆ ವಿಶ್ರಾಂತಿ ಎಂಬುದನ್ನು ರಾಗವಲ್ಲ, ಆ ಗಳಿಗೆಯ ಕಾರ್ಡು ತೀರ್ಮಾನಿಸುತ್ತದೆ. ಇಷ್ಟು ವರ್ಷ ಗಟ್ಟಿಯಾಗಿದ್ದ ನೆಲ ಹಾಡಿನ ಮಧ್ಯೆ ಸರಿದಾಡುತ್ತದೆಂದು ಕಿವಿಗೆ ಒಪ್ಪಿಸುವುದಕ್ಕೆ ಬೆರಳಿಗಿಂತ ಹೆಚ್ಚು ಕಾಲ ಹಿಡಿಯಿತು.

ನಮ್ಮಲ್ಲಿರುವುದೆಲ್ಲ ಬಿಡಬೇಕೆಂದಲ್ಲ. ಮೋಹನ ರಾಗದ ಐದು ಸ್ವರಗಳಲ್ಲಿ ಅರ್ಧದಷ್ಟು ಕಂಟ್ರಿ ಪಿಟೀಲು ಅಡಗಿದೆ. ಸಾಧಾರಣ ಗಾಂಧಾರದಿಂದ ಅರ್ಧ ಹೆಜ್ಜೆ ಮೇಲಿನ ಅಂತರ ಗಾಂಧಾರಕ್ಕೆ ಜಾರಿದರೆ ಇವರ ಮನಸ್ಸು ಕರಗಿಸುವ ಆ ಎಳೆತ ತಾನಾಗಿ ಬರುತ್ತದೆ. ಜಾರು ಕೈಲಿದ್ದವರಿಗೆ ಅದು ಬಿಟ್ಟಿ ಸಿಕ್ಕಿದ ಆಸ್ತಿ. ಸ್ವರವನ್ನು ತೂಗಾಡಿಸುವ ಕಂಪಿತವನ್ನು ಮಾತ್ರ ಕಟ್ಟಿಡಬೇಕು. ಸ್ಟೀಲ್ ಗಿಟಾರು ಪಕ್ಕದಲ್ಲೇ ಅದೇ ಸ್ವರವನ್ನು ನೆಟ್ಟಗೆ ಹಿಡಿದಿರುವಾಗ ನಮ್ಮ ಗಾಂಧಾರ ತೂಗಾಡಿದರೆ ಇಬ್ಬರೂ ಅಪಶ್ರುತಿಯಾಗಿ ಕೇಳಿಸುತ್ತೇವೆ.

ಕಮಾನಿನ ಕೆಲಸವೂ ಬೇರೆ. ಒಂದು ಉದ್ದ, ಎರಡು ಗಿಡ್ಡ ಎಳೆತದ ಷಫಲ್ ಇದರ ಜೀವನಾಡಿ. ಇನ್ನೊಂದು ಚಾಪ್: ಹಿಡಿಯ ಹತ್ತಿರದ ಕೂದಲಿನಿಂದ ತಂತಿಯ ಮೇಲೆ ಮೇಲಿಂದ ಕುಟ್ಟಿ ಎರಡನೇ, ನಾಲ್ಕನೇ ಮಾತ್ರೆಗಳಿಗೆ ತಾಳದ ಸದ್ದು ಹೊರಡಿಸುವುದು. 1960ರ ದಶಕದಲ್ಲಿ ಕಂಟ್ರಿಯ ಒಂದು ಕವಲಾದ ಬ್ಲೂಗ್ರಾಸ್‌ನ ಪಿಟೀಲುಗಾರ ರಿಚರ್ಡ್ ಗ್ರೀನ್ ರೂಢಿಗೆ ತಂದದ್ದು. ಡ್ರಮ್ಸ್ ಇಲ್ಲದ ಕಡೆ ಬ್ಯಾಂಡು ನಿಲ್ಲುವುದೇ ಅದರ ಮೇಲೆ.

ಡ್ರಮ್ಸ್ ಇಲ್ಲದ ಜಾಗವೆಂದರೆ ಪೀಲ್ ಸ್ಟ್ರೀಟ್. ಉತ್ಸವದಲ್ಲಿ ಈ ಮುಖ್ಯ ಬೀದಿಯಲ್ಲಿ ವಾಹನ ಬಿಡುವುದಿಲ್ಲ, ಉದ್ದಕ್ಕೂ ಬೀದಿ ಗಾಯಕರು ನಿಂತಿರುತ್ತಾರೆ. ಅದಕ್ಕೆ ನಗರಸಭೆಯ ಪರವಾನಗಿ ಬೇಕು. ನಾವು ಸಂಜೆಯ ಪಬ್ ಕಾರ್ಯಕ್ರಮಕ್ಕೆ ಜನ ಸೇರಿಸಲೆಂದು ಬೆಳಿಗ್ಗೆ ಅಲ್ಲಿ ನುಡಿಸುತ್ತಿದ್ದೆವು: ಗಿಟಾರು, ಪಿಟೀಲು, ಬ್ಯಾಟರಿಯ ಪುಟ್ಟ ಆಂಪ್. ಪಕ್ಕದ ಗುಂಪಿನ ಹಾಡು ನಮ್ಮ ಹಾಡಿನೊಳಕ್ಕೆ ಹರಿದು ಬರುತ್ತದೆ. ವಾಲ್ಯೂಮ್ ಏರಿಸಿ ಗೆಲ್ಲಲು ಆಗದು, ಹತ್ತಿರ ನಿಂತು ಮೆಲ್ಲಗೆ ನುಡಿಸಿದರೆ ಜನವೇ ಹತ್ತಿರ ಬರುತ್ತಾರೆ. ಕ್ಯಾರವಾನಿನಲ್ಲಿ ಬಂದ ಹಿರಿಯರು ಮಡಚುವ ಕುರ್ಚಿ ತಂದು ಅಂಗಡಿ ಚಾವಣಿಯ ನೆರಳಿನಲ್ಲಿ ಬೆಳಗಿನಿಂದ ಕೂತಿರುತ್ತಾರೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಮನವಮಿ ಚಪ್ಪರದ ಹೊರಗೆ ಕೂತು ಕೇಳುವ ಹಿರಿಯರ ಮುಖದಲ್ಲೂ ಇದೇ ತನ್ಮಯತೆಯನ್ನು ಕಂಡಿದ್ದೇನೆ.

ಅಲ್ಲೊಂದು ಬೆಳಿಗ್ಗೆ ಕನ್ನಡದ ಕುಟುಂಬವೊಂದು ನಿಂತಿತು. ಮಗನ ಮನೆಗೆ ಬಂದಿದ್ದ ಅಜ್ಜಿ ಹಾಡು ಮುಗಿಯುವವರೆಗೂ ಕಾದು, "ಏನಮ್ಮ, ನಿಂತ್ಕೊಂಡೇ ನುಡಿಸ್ತೀಯಲ್ಲ, ಭುಜ ನೋಯಲ್ವೇನಮ್ಮ?" ಎಂದರು. ನೋಯುತ್ತಿತ್ತು. ಚಕ್ಕಂಬಕ್ಕಳ ಹಾಕಿ ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ ನುಡಿಸಿದ ದೇಹಕ್ಕೆ, ಗದ್ದ-ಭುಜದ ನಡುವೆ ವಾದ್ಯ ಹಿಡಿದು ಗಂಟೆಗಟ್ಟಲೆ ನಿಲ್ಲುವುದು ಹೊಸ ದುಡಿಮೆ. ಶೋಲ್ಡರ್ ರೆಸ್ಟ್‌ನ ಎತ್ತರ ಸರಿಮಾಡಿಕೊಂಡೆ, ಹಾಡಿನ ನಡುವೆ ಸುಮ್ಮನಿರುವಾಗಲೆಲ್ಲ ವಾದ್ಯವನ್ನು ಕೆಳಗಿಳಿಸುವ ಅಭ್ಯಾಸ ಮಾಡಿಕೊಂಡೆ. ಇದರಿಂದ ಇನ್ನೊಂದು ಲಾಭವಾಯಿತು. ಪಿಟೀಲು ಕೆಳಗಿದ್ದರೆ ಕೇಳುಗರ ಕಣ್ಣು ಗಾಯಕಿಯ ಕಡೆಗೇ ಹೋಗುತ್ತದೆ.

ಬಿಸಿಲಿನ ಬಗ್ಗೆ ಎಚ್ಚರವಿರಲಿ. ಜನವರಿ ಅಲ್ಲಿ ಕಡುಬೇಸಿಗೆ, ಕೆಲವು ದಿನ 40 ಡಿಗ್ರಿ ಮುಟ್ಟುತ್ತದೆ. ಪಿಟೀಲನ್ನು ಅಂಟಿಸಿರುವುದು ಪ್ರಾಣಿಚರ್ಮದ ಸರೇಸಿನಿಂದ, ಬಿಸಿಲಿಗೆ ಕಾದ ಕಾರಿನಲ್ಲಿಟ್ಟರೆ ಅಂಟು ಬಿಟ್ಟುಕೊಳ್ಳುತ್ತದೆ. ನಾನು ಊಟಕ್ಕೆ ಹೋದರೂ ವಾದ್ಯ ಹೆಗಲ ಮೇಲೇ ಇರುತ್ತಿತ್ತು. ಒಣಗಾಳಿಗೆ ಬಿರಡೆಗಳು ಸಡಿಲಾಗಿ ಜಾರುತ್ತವೆ, ಸೀಮೆಸುಣ್ಣ ಸವರಬೇಕು. ನಾಲ್ಕೂ ತಂತಿಗೆ ಫೈನ್ ಟ್ಯೂನರ್ ಹಾಕಿಸಿ, ಬಿಸಿಗೆ ಅಷ್ಟಾಗಿ ಶ್ರುತಿ ಬಿಡದ ಉಕ್ಕಿನ ತಂತಿ ಕಟ್ಟಿದ್ದೆ.

ಪಾರ್ಕಿನ ದೊಡ್ಡ ವೇದಿಕೆಯಲ್ಲಿ ಸೌಂಡ್ ಚೆಕ್ ಎಂಬುದಿಲ್ಲ. ಒಂದು ಬ್ಯಾಂಡು ಇಳಿದು ಇನ್ನೊಂದು ಹತ್ತುವ ಕಾಲು ಗಂಟೆಯಲ್ಲಿ ಪ್ರತಿ ಮೈಕು, ವಾದ್ಯದ ಸದ್ದು ಬರುತ್ತಿದೆಯೇ ಎಂದಷ್ಟೇ ನೋಡುತ್ತಾರೆ. ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೈಕು, ಎಷ್ಟು ಡಿಐ (ವಾದ್ಯವನ್ನು ಸೌಂಡ್ ವ್ಯವಸ್ಥೆಗೆ ನೇರವಾಗಿ ಜೋಡಿಸುವ ಪೆಟ್ಟಿಗೆ) ಎಂಬ ನಕ್ಷೆಯನ್ನು ಮುಂಚೆಯೇ ಕಳಿಸಿರಬೇಕು. ನನ್ನದು ತಂತಿಗಳನ್ನು ಹೊತ್ತ ಕುದುರೆಗೆ ಕೂಡಿಸಿದ, ಸದ್ದು ಹಿಡಿಯುವ ಪಿಕಪ್, ಪ್ರೀಆಂಪ್, ಅಲ್ಲಿಂದ ಡಿಐ. ಮಾನಿಟರಿನಲ್ಲಿ ಏನು ಬೇಕೆಂದು ಸೌಂಡಿನವರು ಕೇಳಿದಾಗ ಗಾಯಕಿಯ ಧ್ವನಿ ಎಲ್ಲಕ್ಕಿಂತ ಜೋರಾಗಿ, ನಂತರ ಕಿಕ್ ಡ್ರಮ್, ನನ್ನ ಪಿಟೀಲು ಎಲ್ಲಕ್ಕಿಂತ ಕಡಿಮೆ ಎಂದೆ. ಅವಳ ಉಸಿರು ಕೇಳಿಸದಿದ್ದರೆ ಎಲ್ಲಿ ಒಳಬರಬೇಕೆಂದೇ ನನಗೆ ತಿಳಿಯದು. ಕಾರ್ಯಕ್ರಮ ಚೆನ್ನಾಗಿ ನಡೆಯಿತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಆ ದೊಡ್ಡ ವೇದಿಕೆಯಲ್ಲ, ಒಂದು ಪಬ್ಬಿನ ಹಿಂಗಟ್ಟಿನ ವಾಕ್-ಅಪ್. ಅಲ್ಲೊಂದು ಕಾಯಂ ಬ್ಯಾಂಡು ಇರುತ್ತದೆ, ಹೆಸರು ಕೊಟ್ಟ ಯಾರು ಬೇಕಾದರೂ ಹತ್ತಿ ಹಾಡಬಹುದು. ಅವರ ಪಿಟೀಲುಗಾರ ಬರಲಾಗದ ದಿನ ನನ್ನನ್ನು ಕರೆದರು. ಹಾಡುವವರಲ್ಲಿ ಕುರಿ ಸಾಕುವವರು, ನರ್ಸುಗಳು, ಶಾಲೆಗೆ ಹೋಗುವ ಮಕ್ಕಳು. ಕೆಲವರ ಕೈಲಿ ಚಾರ್ಟ್, ಹಲವರು ಸ್ಕೇಲ್ ಹೆಸರು ಹೇಳಿ ಮೊದಲ ಸಾಲು ಗುನುಗುತ್ತಾರೆ, ಅಷ್ಟೇ ಪೂರ್ವಸಿದ್ಧತೆ. ಮುಂದಾಳು ಗಿಟಾರಿನವರು ಕಾರ್ಡ್ ಬದಲಾಗುವ ಮುಂಚೆ ಬೆರಳೆತ್ತಿ ತೋರಿಸುತ್ತಾರೆ: ನಾಲ್ಕು, ಐದು, ಮತ್ತೆ ಒಂದು.

ಉಳಿದವರು ಇದಕ್ಕೆ ಬಹಳ ಧೈರ್ಯ ಬೇಕೆಂದರು. ನನಗೆ ಮಾತ್ರ ಇಡೀ ಉತ್ಸವದಲ್ಲಿ ಸ್ವಂತ ಮನೆಯೆನಿಸಿದ ಜಾಗ ಅದೊಂದೇ. ಗಾಯಕರನ್ನು ವೇದಿಕೆಯ ಮೇಲೆಯೇ ಮೊದಲ ಸಲ ಭೇಟಿಯಾಗಿ, ಇಂದು ಯಾವ ರಾಗವೆಂದೂ ತಿಳಿಯದೆ ಪಕ್ಕದಲ್ಲಿ ಕೂರುವುದನ್ನು ನಾವು ಕಲಿತು ಬಂದವರು. ಅವರ ತುಟಿ, ಕತ್ತು, ಎದೆ ಏರುವ ರೀತಿ ನೋಡಿ ಮುಂದಿನದನ್ನು ಊಹಿಸುವ ವಿದ್ಯೆ ಎರಡೂ ಕಡೆ ಒಂದೇ. ವಯಸ್ಸಾದವರೊಬ್ಬರು ತೀರಿಹೋದ ಹೆಂಡತಿಯ ಬಗ್ಗೆ ಮೂರು ಮಾತ್ರೆಯ ನಡೆಯಲ್ಲಿ ಹಾಡಿದರು, ಅರ್ಧದಲ್ಲಿ ದನಿ ಕಟ್ಟಿ ನಿಂತರು. ಗಿಟಾರು ಒಂದನೇ ಕಾರ್ಡಿನಲ್ಲೇ ಸುತ್ತುತ್ತಿತ್ತು. ಅವರು ಹಾಡಿದ ಕೊನೆಯ ಸಾಲನ್ನೇ ಸಂಗತಿಗಳ ಅಲಂಕರಣವಿಲ್ಲದೆ, ಅವರದೇ ಎತ್ತುಗಡೆಯಲ್ಲಿ ನುಡಿಸಿದೆ, ಕಛೇರಿಯಲ್ಲಿ ನುಡಿಸುವ ಹಾಗೆ. ಅವರು ತಲೆಯಾಡಿಸಿ ಮುಂದಿನ ಚರಣ ಎತ್ತಿಕೊಂಡರು. ಕಲಿತದ್ದೆಲ್ಲ ಅಲ್ಲಿ ಸಾರ್ಥಕವಾಯಿತೆಂದು ನಾನು ನಂಬಿದ್ದೇನೆ.

ಹಾಡಿನ ಶುರುವಿಗೆ "ಸ್ವಲ್ಪ ಇಂಡಿಯನ್" ನುಡಿಸು ಎಂದು ಅನೇಕರು ಕೇಳುತ್ತಾರೆ. ಹಾಡಿಗೆ ಹೊಂದಿದರೆ ಮಾತ್ರ ಒಪ್ಪಿಕೊಳ್ಳಿ ಎಂಬುದು ನನ್ನ ಸಲಹೆ. ನಮ್ಮ ಪಟ್ಟಿಯಲ್ಲಿ ಮಳೆಗೆ ಕಾಯುವ ಒಂದು ಹಾಡಿತ್ತು, ಅದರ ಮುಂದೆ ಮೋಹನದ ನಾಲ್ಕು ಎಳೆ ನುಡಿಸಿದೆ. ಮಿಕ್ಕ ಕಡೆ ಬೇಡವೆಂದೆ, ಬ್ಯಾಂಡಿನವರೂ ಒಪ್ಪಿದರು.

ದುಡ್ಡಿನ ಮಾತು: ಪಬ್ಬಿನಲ್ಲಿ ಗೊತ್ತುಮಾಡಿದ ಸಂಭಾವನೆ, ಬೀದಿಯಲ್ಲಿ ಪೆಟ್ಟಿಗೆಗೆ ಬಿದ್ದದ್ದು, ಮೇಜಿನ ಮೇಲೆ ಮಾರಿದ ಸಿಡಿ. ಸ್ವಂತ ಹಾಡು ಬರೆದವರು ನುಡಿಸಿದ ಹಾಡುಗಳ ಪಟ್ಟಿಯನ್ನು ಹಾಡು ಬರೆದವರ ಪರವಾಗಿ ರಾಯಧನ ಸಂಗ್ರಹಿಸುವ ಅಪ್ರಾ ಸಂಸ್ಥೆಗೆ ಸಲ್ಲಿಸಿದರೆ ರಾಯಧನವೂ ಬರುತ್ತದೆ, ಪಕ್ಕವಾದ್ಯದವರಿಗೆ ಅದರಲ್ಲಿ ಪಾಲಿಲ್ಲ. ಉಳಿಯುವ ಜಾಗವನ್ನು ಬಹಳ ಮುಂಚೆ ಕಾದಿರಿಸಬೇಕು, ನಾವು ನದಿ ದಡದಲ್ಲಿ ಟೆಂಟ್ ಹಾಕಿದ್ದೆವು. ಬರುವ ಜನವರಿಗೂ ವಾಕ್-ಅಪ್ ಬ್ಯಾಂಡಿನವರು ಕರೆದಿದ್ದಾರೆ. ಹೋಗುತ್ತೇನೆ, ಇ ಫ್ಲಾಟ್ ಮತ್ತು ಬಿ ಫ್ಲಾಟ್‌ನಲ್ಲಿ ಅಲಂಕಾರಗಳ ಸಾಧನೆ ನಡೆದಿದೆ.