ಕಾಫಿ ಬೀಜ ಆರಿಸಲು ಎಫ್‌ಪಿಜಿಎ: ನನ್ನ ಅನುಭವ

ಸಿಪ್ಪೆ ಬಿಡಿಸುವ ಹಲ್ಲರ್‌ನಿಂದ ಹೊರಬಂದ ಕಾಫಿ ಬೀಜದಲ್ಲಿ ಕಪ್ಪಾದವುಗಳನ್ನು ಬೇರ್ಪಡಿಸುವ ಚಿಕ್ಕ ಯಂತ್ರವೊಂದನ್ನು ಸೋಮವಾರಪೇಟೆ ಬಳಿಯ ನಮ್ಮ ತೋಟಕ್ಕೆಂದು ನಾನೇ ಕಟ್ಟಿಕೊಂಡಿದ್ದೇನೆ. ಬೀಜಗಳು ಎಂಟು ಓಣಿಗಳಲ್ಲಿ ಜಾರಿ ಕೆಳಗೆ ಬೀಳುತ್ತವೆ. ಬೀಳುವ ದಾರಿಯಲ್ಲಿ ಪ್ರತಿ ಓಣಿಗೂ ಒಂದು ಬೆಳಕಿನ ಸಂವೇದಕವಿದ್ದು, ಕಪ್ಪು ಬೀಜ ಕಂಡರೆ ಅದರ ಕೆಳಗಿರುವ ಗಾಳಿಯ ವಾಲ್ವ್ ಕ್ಷಣಕಾಲ ತೆರೆದು ಆ ಬೀಜವನ್ನು ಪಕ್ಕಕ್ಕೆ ತಳ್ಳುತ್ತದೆ. ಈ ತೀರ್ಮಾನವನ್ನೆಲ್ಲ ಮಾಡುವುದು ಎಫ್‌ಪಿಜಿಎ (ಫೀಲ್ಡ್ ಪ್ರೋಗ್ರಾಮೆಬಲ್ ಗೇಟ್ ಅರೇ) ಎಂಬ ಚಿಪ್. ತಯಾರಾದ ಮೇಲೂ ಒಳಗಿನ ಮಂಡಲವನ್ನು (ಸರ್ಕ್ಯೂಟನ್ನು) ನಮಗೆ ಬೇಕಾದಂತೆ ಮತ್ತೆ ಮತ್ತೆ ಜೋಡಿಸಿಕೊಳ್ಳಬಹುದಾದ ಯಂತ್ರಾಂಶ ಎಂದರೇನೆಂಬುದು ನನಗೆ ಚೆನ್ನಾಗಿ ಮನದಟ್ಟಾದದ್ದು ಈ ಕೆಲಸದಿಂದಲೇ.

ಈ ಆಲೋಚನೆ ಹಳೆಯದು. ಸ್ಥಿರವಾದ ಕಂಪ್ಯೂಟರ್ ಒಂದರ ಜೊತೆಗೆ ಕೆಲಸಕ್ಕೆ ತಕ್ಕಂತೆ ಬದಲಾಗುವ ಭಾಗವೊಂದನ್ನು ಸೇರಿಸಬಹುದೆಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜೆರಾಲ್ಡ್ ಎಸ್ಟ್ರಿನ್ 1960ರಲ್ಲೇ ಸೂಚಿಸಿದ್ದರು. ಅದು ಚಿಪ್ಪಿನ ರೂಪದಲ್ಲಿ ಮಾರುಕಟ್ಟೆಗೆ ಬಂದದ್ದು 1985ರಲ್ಲಿ, ಝೈಲಿಂಕ್ಸ್ ಕಂಪನಿಯ ಎಕ್ಸ್‌ಸಿ2064 ಮೂಲಕ. ಅದರಲ್ಲಿದ್ದದ್ದು 64 ತರ್ಕ ಘಟಕಗಳು ಮಾತ್ರ. ನಾನು ಬಳಸಿದ ಟ್ಯಾಂಗ್ ನ್ಯಾನೊ 9ಕೆ ಎಂಬ ಅಗ್ಗದ ಬೋರ್ಡಿನಲ್ಲಿರುವ ಗೋವಿನ್ ಕಂಪನಿಯ ಚಿಪ್ಪಿನಲ್ಲಿ 8640 ಲುಕ್‌ಅಪ್ ಟೇಬಲ್‌ಗಳೂ 6480 ಫ್ಲಿಪ್‌ಫ್ಲಾಪ್‌ಗಳೂ ಇವೆ.

ಈ ಲುಕ್‌ಅಪ್ ಟೇಬಲ್ ಎಂಬುದನ್ನು ಹತ್ತಿರದಿಂದ ನೋಡಿದರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ನಾಲ್ಕು ಇನ್‌ಪುಟ್‌ಗಳ ಟೇಬಲ್ ಎಂದರೆ 16 ಬಿಟ್‌ಗಳ ಪುಟ್ಟ ಮೆಮೊರಿ. ಆ ನಾಲ್ಕು ಇನ್‌ಪುಟ್‌ಗಳೇ ಅದರ ವಿಳಾಸ. ನನ್ನ ಯಂತ್ರದಲ್ಲಿ ವಾಲ್ವ್ ತೆರೆಯಬೇಕಾದರೆ ನಾಲ್ಕು ಸಂಗತಿಗಳು ಕೂಡಿಬರಬೇಕು: ಕಪ್ಪು ಬೀಜ ಕಂಡಿರಬೇಕು, ಸಂವೇದಕದ ಎದುರಿನ ಹಿನ್ನೆಲೆಯ ತಟ್ಟೆ ಶುಚಿಯಾಗಿರಬೇಕು, ಆ ಓಣಿ ಚಾಲನೆಯಲ್ಲಿರಬೇಕು, ಮುಖ್ಯ ಸ್ವಿಚ್ ಹಾಕಿರಬೇಕು. ಹಾಗಾಗಿ 16 ಸಾಲುಗಳಲ್ಲಿ ನಾಲ್ಕೂ ಇನ್‌ಪುಟ್ 1 ಆಗಿರುವ ಸಾಲಿನಲ್ಲಿ ಮಾತ್ರ 1 ಇರುತ್ತದೆ, ಮಿಕ್ಕ 15ರಲ್ಲಿ 0. ಬೇರೆ 16 ಬಿಟ್‌ಗಳನ್ನು ತುಂಬಿದರೆ ಅದೇ ಟೇಬಲ್ ಬೇರೊಂದು ಗೇಟ್ (ತರ್ಕದ ಮಂಡಲ) ಆಗುತ್ತದೆ. ಹೀಗೆ ಒಂದೇ ಟೇಬಲ್ 65,536 ಬಗೆಯ ತರ್ಕಗಳಲ್ಲಿ ಯಾವುದನ್ನಾದರೂ ನಿರ್ವಹಿಸಬಲ್ಲದು. ಪಕ್ಕದಲ್ಲಿರುವ ಫ್ಲಿಪ್‌ಫ್ಲಾಪ್ ಫಲಿತಾಂಶವನ್ನು ಮುಂದಿನ ಕ್ಲಾಕ್‌ವರೆಗೆ, ಅಂದರೆ ಚಿಪ್ಪಿಗೆ ತಾಳ ಹಾಕುವ ಮುಂದಿನ ಮಿಡಿತದವರೆಗೆ, ಹಿಡಿದಿಡುತ್ತದೆ. ಈ ಘಟಕಗಳ ನಡುವೆ ಹರಡಿರುವ ತಂತಿಗಳಲ್ಲಿ ಯಾವುದು ಯಾವುದಕ್ಕೆ ಸೇರಬೇಕೆಂಬುದನ್ನೂ ಬಿಟ್‌ಗಳೇ ನಿರ್ಧರಿಸುತ್ತವೆ. ಇವೆಲ್ಲವನ್ನೂ ಸಾಲಾಗಿ ಜೋಡಿಸಿದ ಕಡತಕ್ಕೆ ಬಿಟ್‌ಸ್ಟ್ರೀಮ್ ಎಂದು ಹೆಸರು.

ಈ ಮಂಡಲಗಳನ್ನು ವೆರಿಲಾಗ್ ಎಂಬ ಭಾಷೆಯಲ್ಲಿ ಬರೆಯುವಾಗ, ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಸಿ ಭಾಷೆಯ ಅಭ್ಯಾಸವನ್ನು ಬದಿಗಿಡಬೇಕಾಗುತ್ತದೆ. ಅಲ್ಲಿ ನಾವು ಬರೆಯುವುದು ಒಂದಾದ ಮೇಲೊಂದು ನಡೆಯುವ ಆದೇಶಗಳನ್ನಲ್ಲ, ಸದಾ ಜೀವಂತವಾಗಿರುವ ಮಂಡಲದ ವಿವರಣೆಯನ್ನು. ಬೀಜ ಆರಿಸಲು ಕಣದಲ್ಲಿ ಸಾಲಾಗಿ ಕುಳಿತ ಹೆಂಗಸರು ತಂತಮ್ಮ ರಾಶಿಯನ್ನು ನೋಡಿಕೊಳ್ಳುತ್ತಾರೆಯೇ ಹೊರತು ಒಬ್ಬರ ಕೈ ಮುಗಿಯಲೆಂದು ಇನ್ನೊಬ್ಬರು ಕಾಯುವುದಿಲ್ಲವಲ್ಲ, ನನ್ನ ಎಂಟು ಓಣಿಗಳ ಮಂಡಲಗಳೂ ಹಾಗೆಯೇ. ಎಂಟು ಓಣಿಗಳಿಗಾದರೆ ಒಳ್ಳೆಯ ಮೈಕ್ರೊಕಂಟ್ರೋಲರ್ (ಆದೇಶಗಳನ್ನು ಒಂದಾದ ಮೇಲೊಂದು ನಡೆಸುವ ಒಂದೇ ಚಿಪ್ಪಿನ ಕಂಪ್ಯೂಟರ್) ಕೂಡ ಸಾಕಾಗುತ್ತಿತ್ತು, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಲ್ಲಿ ಒಂಬತ್ತನೆಯ ಓಣಿ ಸೇರಿಸಿದರೆ ಉಳಿದ ಎಂಟರ ಸಮಯವನ್ನೂ ಮತ್ತೆ ಲೆಕ್ಕ ಹಾಕಬೇಕು. ಇಲ್ಲಿ ಒಂಬತ್ತನೆಯದು ಚಿಪ್ಪಿನಲ್ಲಿ ಒಂದಿಷ್ಟು ಹೊಸ ಜಾಗ ಹಿಡಿಯುತ್ತದೆ, ಅಷ್ಟೆ.

ಸಮಯದ ಲೆಕ್ಕವೇ ಈ ಯಂತ್ರದ ಜೀವಾಳ. ಸುಮಾರು 20 ಸೆಂಟಿಮೀಟರ್ ಬಿದ್ದ ಬೀಜ ಸೆಕೆಂಡಿಗೆ ಹೆಚ್ಚುಕಡಿಮೆ 2 ಮೀಟರ್ ವೇಗದಲ್ಲಿರುತ್ತದೆ. 8 ಮಿಲಿಮೀಟರ್ ಉದ್ದದ ಬೀಜ ಸಂವೇದಕವನ್ನು ದಾಟಲು ತೆಗೆದುಕೊಳ್ಳುವುದು 4 ಮಿಲಿಸೆಕೆಂಡ್. ಅಲ್ಲಿಂದ 6 ಸೆಂಟಿಮೀಟರ್ ಕೆಳಗಿರುವ ಗಾಳಿಯ ಕೊಳವೆಯ ಮುಂದೆ ಬರಲು 28 ಮಿಲಿಸೆಕೆಂಡ್. ಬೋರ್ಡಿನ ಕ್ಲಾಕ್ 27 ಮೆಗಾಹರ್ಟ್ಸ್ ಆದ್ದರಿಂದ 13,500 ಕ್ಲಾಕ್‌ಗಳನ್ನು ಎಣಿಸಿದರೆ ಅರ್ಧ ಮಿಲಿಸೆಕೆಂಡಿನ ಒಂದು ಟಿಕ್ ಸಿಗುತ್ತದೆ. ಪ್ರತಿ ಓಣಿಗೂ 56 ಹಂತಗಳ ಶಿಫ್ಟ್ ರಿಜಿಸ್ಟರ್, ಅಂದರೆ ಫ್ಲಿಪ್‌ಫ್ಲಾಪ್‌ಗಳ ಸಾಲು, ಇಟ್ಟೆ. ಸಂವೇದಕ ಕಂಡ ಕಪ್ಪು ಒಂದೊಂದು ಟಿಕ್‌ಗೆ ಒಂದೊಂದು ಹಂತ ಮುಂದೆ ಸರಿದು, ಬೀಜ ಕೊಳವೆಯ ಮುಂದೆ ಬರುವ ಹೊತ್ತಿಗೆ ಸರಿಯಾಗಿ ತುದಿ ತಲುಪುತ್ತದೆ. ವಾಲ್ವ್ ತೆರೆಯಲು ಅದಕ್ಕೇ ಬೇಕಾಗುವ ಸಮಯವನ್ನು ಅಳೆದು ಅಷ್ಟು ಹಂತಗಳನ್ನು ಕಡಿಮೆ ಮಾಡಿದ್ದೇನೆ. ಒಂದರ ಹಿಂದೊಂದು ಕಪ್ಪು ಬೀಜಗಳು ಬಂದರೂ ಪ್ರತಿಯೊಂದರ ಗುರುತೂ ರಿಜಿಸ್ಟರಿನಲ್ಲಿ ಬೇರೆಬೇರೆಯಾಗಿಯೇ ಸಾಗುತ್ತದೆ. ಇದಕ್ಕೆ ತಗಲುವ ಫ್ಲಿಪ್‌ಫ್ಲಾಪ್‌ಗಳು ಹೆಚ್ಚೆಂದರೆ 448.

ಸಂವೇದಕದ ಸಂಕೇತ ನಮ್ಮ ಕ್ಲಾಕ್‌ಗೆ ಹೊಂದಿಕೊಂಡು ಬರುವುದಿಲ್ಲ. ಅದು ಬದಲಾಗುವ ಕ್ಷಣವೂ ಕ್ಲಾಕ್‌ನ ಅಂಚೂ ಒಂದೇ ಆದರೆ ಫ್ಲಿಪ್‌ಫ್ಲಾಪ್ 0 ಎಂದೂ 1 ಎಂದೂ ತೀರ್ಮಾನಿಸಲಾಗದೆ ಸ್ವಲ್ಪ ಹೊತ್ತು ತೂಗಾಡಬಹುದು. ಆದ್ದರಿಂದ ಪ್ರತಿ ಇನ್‌ಪುಟ್‌ಗೂ ಒಂದರ ಹಿಂದೊಂದು ಎರಡು ಫ್ಲಿಪ್‌ಫ್ಲಾಪ್‌ಗಳನ್ನು ಇಡುವುದು ಕಡ್ಡಾಯವೆಂದೇ ನಾನು ಭಾವಿಸುತ್ತೇನೆ. ಸಿಮ್ಯುಲೇಶನ್‌ನಲ್ಲಿ ಈ ತೊಂದರೆ ಕಾಣಿಸುವುದೇ ಇಲ್ಲ.

ಮರುಜೋಡಣೆಯ ನಿಜವಾದ ಬೆಲೆ ತಿಳಿದದ್ದು ಹೊಂದಾಣಿಕೆಯ ಹಂತದಲ್ಲಿ. ಯಾವ ಓಣಿಯಲ್ಲಿ ಕಪ್ಪು ಎಷ್ಟು ಹೊತ್ತು ಕಾಣುತ್ತದೆ ಎಂಬುದನ್ನು ಅಳೆಯಲು ಬೀಜ ಆರಿಸುವ ಮಂಡಲವನ್ನು ಪೂರ್ತಿಯಾಗಿ ತೆಗೆದುಹಾಕಿ, ಬೇರೊಂದು ಬಿಟ್‌ಸ್ಟ್ರೀಮ್ ತುಂಬಿದೆ. ಅದರಲ್ಲಿ ವಾಲ್ವ್‌ಗಳ ಮಾತೇ ಇಲ್ಲ. ಎಂಟು ಓಣಿಗಳ ಕಪ್ಪಿನ ಅವಧಿಯನ್ನು ಎಣಿಸಿ ಲ್ಯಾಪ್‌ಟಾಪಿಗೆ ಕಳುಹಿಸುವ ಅಳತೆಯ ಉಪಕರಣ ಮಾತ್ರ. ಹಾಗೆ ಕಳುಹಿಸುವ 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗಕ್ಕೆ 27 ಮೆಗಾಹರ್ಟ್ಸ್ ಅನ್ನು 234ರಿಂದ ಭಾಗಿಸಿದರೆ ಸಾಕು, ವ್ಯತ್ಯಾಸ ಶೇಕಡಾ 0.2ಕ್ಕಿಂತ ಕಡಿಮೆ. ಒಂದು ತಂತಿಯನ್ನೂ ಕಿತ್ತು ಮತ್ತೆ ಹಚ್ಚದೆ, ಅದೇ ಬೋರ್ಡ್ ಮೊದಲು ಅಳತೆಯ ಉಪಕರಣವಾಗಿ ಆಮೇಲೆ ಮತ್ತೆ ಬೀಜ ಆರಿಸುವ ಯಂತ್ರವಾಯಿತು. ಬೀಜದ ಗಾತ್ರಕ್ಕೆ ತಕ್ಕಂತೆ ಗಾಳಿಯ ಅವಧಿ ಬದಲಿಸುವಂಥ ಸಣ್ಣ ಕೆಲಸಗಳಿಗೆ ಮಾತ್ರ ಹೊಸ ಬಿಟ್‌ಸ್ಟ್ರೀಮ್ ಬೇಡ. ಅರೇಬಿಕಾಕ್ಕೊಂದು, ರೊಬಸ್ಟಾಕ್ಕೊಂದು ಸಂಖ್ಯೆಯನ್ನು ಸ್ವಿಚ್‌ನಿಂದ ಆರಿಸಿಕೊಳ್ಳುವಂತೆ ಮಾಡಿದ್ದೇನೆ. ಮಂಡಲದ ರಚನೆಯೇ ಬದಲಾಗಬೇಕಾದಾಗ ಮರುಜೋಡಣೆ, ಸಂಖ್ಯೆ ಬದಲಾದರೆ ಅದನ್ನು ಹಿಡಿದಿಡುವ ರಿಜಿಸ್ಟರ್ ಎಂಬುದು ನಾನು ಪಾಲಿಸುವ ನಿಯಮ.

ಸಂವೇದಕದ ಎದುರಿನ ತಟ್ಟೆಯ ಬಣ್ಣವನ್ನು ಒಳ್ಳೆಯ ಬೀಜದಷ್ಟೇ ಹೊಳಪಿರುವಂತೆ ಆರಿಸಬೇಕು. ಆಗ ಖಾಲಿ ಜಾಗವೂ ಒಳ್ಳೆಯ ಬೀಜವೂ ಒಂದೇ ಆಗಿ ಕಂಡು, ಕಪ್ಪು ಬೀಜ ಮಾತ್ರ ಬೆಳಕನ್ನು ಇಳಿಸುತ್ತದೆ. ಆದರೆ ಹೊಟ್ಟಿನ ದೂಳು ಕೂತರೆ ತಟ್ಟೆಯೇ ಕಪ್ಪಾಗುತ್ತದೆ. ಬೀಜ ಸುರಿಯುತ್ತಿದ್ದ ಅಕ್ಕ ಒಂದು ದಿನ, "ಅಣ್ಣ, ಮೂರನೇ ಓಣೀಲಿ ಒಳ್ಳೆ ಬೀಜಾನೂ ಆಚೆ ಹೋಗ್ತಿದೆ, ನೋಡಿ" ಎಂದು ಕರೆದರು. ಅವರು ಹೇಳಿದ ಮೇಲೆ ಪ್ರತಿ ಓಣಿಗೂ 8 ಬಿಟ್‌ಗಳ ಎಣಿಕೆಯೊಂದನ್ನು ಸೇರಿಸಿದೆ. ಕಪ್ಪು 200 ಟಿಕ್, ಅಂದರೆ 100 ಮಿಲಿಸೆಕೆಂಡ್ ಸತತವಾಗಿ ಕಂಡರೆ ಅದು ಬೀಜವಲ್ಲ, ದೂಳು. ವಾಲ್ವ್ ನಿಂತು ಕೆಂಪು ದೀಪ ಉರಿಯುತ್ತದೆ. ಬೆಸುಗೆ ಹಾಕಿ ಮುಗಿದಿದ್ದ ಬೋರ್ಡಿನಲ್ಲಿ ಎಂಟು ಹೊಸ ಮಂಡಲಗಳು ಮೂಡಿದವು.

ಕರೆಂಟ್ ಹೋಗುವುದು ನಮ್ಮ ಕಡೆ ಮಾಮೂಲಿ. ಈ ಚಿಪ್ಪಿನ ಜೋಡಣೆ ತಾತ್ಕಾಲಿಕ ಮೆಮೊರಿಯಾದ ಎಸ್‌ರ‍್ಯಾಮ್‌ನಲ್ಲಿರುವುದರಿಂದ ವಿದ್ಯುತ್ ನಿಂತೊಡನೆ ಅಳಿಸಿಹೋಗುತ್ತದೆ. ಹಾಗಾಗಿ ಬಿಟ್‌ಸ್ಟ್ರೀಮನ್ನು ಚಿಪ್ಪಿನಲ್ಲೇ ಇರುವ, ವಿದ್ಯುತ್ ಹೋದರೂ ಅಳಿಯದ ಫ್ಲ್ಯಾಶ್‌ನಲ್ಲಿ ಬರೆದಿಟ್ಟಿದ್ದೇನೆ. ಕರೆಂಟ್ ಬಂದಾಗ ಅದು ತಾನಾಗಿ ತುಂಬಿಕೊಳ್ಳುತ್ತದೆ. ಅದು ತುಂಬಿಕೊಳ್ಳುವಷ್ಟು ಹೊತ್ತು ಪಿನ್‌ಗಳು ನಮ್ಮ ಹತೋಟಿಯಲ್ಲಿರುವುದಿಲ್ಲ. ಆಗ ವಾಲ್ವ್‌ಗಳು ತೆರೆಯದಂತೆ ವಾಲ್ವ್‌ಗೆ ವಿದ್ಯುತ್ ಕೊಡುವ ಸ್ವಿಚ್ಚಾದ ಪ್ರತಿ ಮಾಸ್ಫೆಟ್‌ನ ಗೇಟ್ ಎಂಬ ಕಾಲಿನಿಂದ ಗ್ರೌಂಡ್‌ಗೆ 4.7 ಕಿಲೋಓಮ್ ರೆಸಿಸ್ಟರ್ ಹಾಕಿದ್ದೇನೆ.

ಕಾಯಿಕೊರಕ ಹುಳು ತೂತು ಮಾಡಿದ ಬೀಜವನ್ನು ಈ ಯಂತ್ರ ಗುರುತಿಸದು. ಒಟ್ಟು ಬೆಳಕಿನಲ್ಲಿ ಆ ತೂತು ಕಾಣುವುದಿಲ್ಲವಾದ್ದರಿಂದ ಅಂಥ ಬೀಜಗಳನ್ನು ಈಗಲೂ ಕೈಯಿಂದಲೇ ಆರಿಸುತ್ತೇವೆ. ಅದಕ್ಕೆ ಒಂದು ಸಾಲಿನಲ್ಲಿ 128 ಬಿಂದುಗಳನ್ನು ಓದುವ ಸಂವೇದಕ ತಂದು, ಅಕ್ಕಪಕ್ಕದ ಬಿಂದುಗಳ ವ್ಯತ್ಯಾಸವನ್ನು ಲೆಕ್ಕಹಾಕುವ ಮಂಡಲವನ್ನು ಈಗ ಒಂದೇ ಓಣಿಗೆ ಬರೆಯುತ್ತಿದ್ದೇನೆ. ಚಿಪ್ಪಿನಲ್ಲಿ ಅದಕ್ಕೆ ಬೇಕಾದ ಜಾಗ ಧಾರಾಳವಾಗಿ ಉಳಿದಿದೆ.