ಮೂರು ತ್ರಿಕೋನ ಸಂಖ್ಯೆಗಳನ್ನು ನಾನು ಹುಡುಕುವ ಬಗೆ

1, 3, 6, 10, 15, 21, 28... ಚುಕ್ಕೆಗಳನ್ನು ಸಾಲಿಗೊಂದರಂತೆ ಹೆಚ್ಚಿಸುತ್ತಾ ಜೋಡಿಸಿದರೆ ಸಿಗುವ ತ್ರಿಕೋನ ಸಂಖ್ಯೆಗಳಿವು. ಸೊನ್ನೆಯನ್ನೂ ಇವುಗಳ ಜೊತೆ ಸೇರಿಸಿಕೊಂಡರೆ, ಯಾವ ಪೂರ್ಣ ಸಂಖ್ಯೆಯನ್ನಾದರೂ ಇಂಥ ಮೂರರ ಮೊತ್ತವಾಗಿ ಬರೆಯಬಹುದು. ಹೀಗೆಂದು 1638ರಲ್ಲೇ ಗಣಿತಜ್ಞ ಫರ್ಮಾ ಹೇಳಿದ್ದ. ಸಾಧಿಸಿದವನು ಇನ್ನೊಬ್ಬ ಗಣಿತಜ್ಞ ಗಾಸ್. 1796ರ ಜುಲೈ 10ರಂದು ತನ್ನ ದಿನಚರಿಯಲ್ಲಿ 'ಯುರೇಕಾ' ಎಂದು ಬರೆದುಕೊಂಡಾಗ ಅವನಿಗೆ ಬರೀ 19 ವರ್ಷ!

ಇದೆ ಅಂತ ಗೊತ್ತಿರುವುದು ಬೇರೆ, ಕೈಯಾರೆ ಹುಡುಕುವುದು ಬೇರೆ. ಇದ್ದುದರಲ್ಲಿ ದೊಡ್ಡ ತ್ರಿಕೋನ ಸಂಖ್ಯೆಯನ್ನು ಕಳೆಯುತ್ತಾ ಹೋದರೆ ಸಾಲದಾ ಅನಿಸುತ್ತದೆ. 19ರವರೆಗೂ ಸಾಕು. 20ಕ್ಕೆ ಬಂದಾಗ 15 ಕಳೆದರೆ 5 ಉಳಿಯುತ್ತದೆ. ಅದು 3+1+1, ಒಟ್ಟು ನಾಲ್ಕಾಯಿತು. 20ಕ್ಕಿರುವ ದಾರಿ ಒಂದೇ: 10+10+0.

ಅದಕ್ಕೇ ನಾನು ಒಂದು ತ್ರಿಕೋನ ಸಂಖ್ಯೆಯನ್ನು ಕಳೆದು, ಉಳಿದದ್ದು ಎರಡು ತ್ರಿಕೋನ ಸಂಖ್ಯೆಗಳ ಮೊತ್ತ ಆಗುತ್ತದಾ ಎಂದು ಮೊದಲು ನೋಡುತ್ತೇನೆ. ಉಳಿದದ್ದನ್ನು 4ರಿಂದ ಗುಣಿಸಿ 1 ಕೂಡಿಸಿ, ಅವಿಭಾಜ್ಯಗಳಾಗಿ ಒಡೆಯುತ್ತೇನೆ. 3, 7, 11, 19ರಂತೆ 4ರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯ ಒಂದಾದರೂ ಬೆಸ ಸಲ ಬಂದರೆ, ಆಗಲ್ಲ. ಇಲ್ಲದಿದ್ದರೆ ಖಂಡಿತ ಆಗುತ್ತದೆ. ಸುಮ್ನೆ ತಡಕಾಡುವುದು ಇದರಿಂದ ಎಷ್ಟೋ ತಪ್ಪುತ್ತದೆ.

2024 ತೆಗೆದುಕೊಳ್ಳಿ. ಅದರೊಳಗಿನ ಅತಿ ದೊಡ್ಡ ತ್ರಿಕೋನ ಸಂಖ್ಯೆ 2016. ಅದನ್ನು ಕಳೆದರೆ 8. ಅದರಿಂದ 33, ಅಂದರೆ 3×11. ಆಗಲ್ಲ. ಅದರ ಹಿಂದಿನ ತ್ರಿಕೋನ ಸಂಖ್ಯೆ 1953 ಕಳೆದರೆ 71. ಅದರಿಂದ 285, ಅಂದರೆ 3×5×19. ಇದೂ ಆಗಲ್ಲ. ಅದಕ್ಕೂ ಹಿಂದಿನ 1891 ಕಳೆದರೆ 133. ಅದರಿಂದ 533, ಅಂದರೆ 13×41. ಎರಡನ್ನೂ 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಸಿಕ್ಕಿತು!

ನನಗೆ ತುಂಬಾ ಇಷ್ಟವಾಗುವುದು ಇದರ ಮುಂದಿನ ಹೆಜ್ಜೆ. 533 ಎಂದರೆ 23ರ ವರ್ಗ ಮತ್ತು 2ರ ವರ್ಗದ ಮೊತ್ತ. ದೊಡ್ಡದರಿಂದ 1 ಕಳೆದರೆ 22. ಮೊತ್ತ 22, ವ್ಯತ್ಯಾಸ 2 ಇರುವ ಜೋಡಿ 12 ಮತ್ತು 10. ಹನ್ನೆರಡನೆಯ ತ್ರಿಕೋನ ಸಂಖ್ಯೆ 78, ಹತ್ತನೆಯದು 55. ಕೂಡಿಸಿದರೆ ಸರಿಯಾಗಿ 133! ಹಾಗಾಗಿ 2024 = 1891+78+55.

ತಾಳೆ ನೋಡಲು ಇನ್ನೊಂದು ದಾರಿಯಿದೆ. ತ್ರಿಕೋನ ಸಂಖ್ಯೆಯನ್ನು 8ರಿಂದ ಗುಣಿಸಿ 1 ಕೂಡಿಸಿದರೆ ಯಾವಾಗಲೂ ಬೆಸ ಸಂಖ್ಯೆಯ ವರ್ಗವೇ ಬರುತ್ತದೆ. ಹಾಗಾಗಿ 2024×8+3, ಅಂದರೆ 16195, ಮೂರು ಬೆಸ ವರ್ಗಗಳ ಮೊತ್ತವಾಗಲೇಬೇಕು, ಅಲ್ವಾ? 123, 25, 21ರ ವರ್ಗಗಳನ್ನು ಕೂಡಿಸಿ ನೋಡಿ. ಅಂದಹಾಗೆ, 533ನ್ನು 22 ಮತ್ತು 7ರ ವರ್ಗಗಳಾಗಿಯೂ ಒಡೆಯಬಹುದು. ಆಗ 2024 = 1891+105+28.